ಎರಡು ಹೆಬ್ಬಾವು, ಒಂದೇ ಹಳದಿ

ಮನುಷ್ಯನಿಗೆ ಒಂದಾದರೂ ಸೊಕ್ಕು ಇರಬೇಕು. ಇಲ್ಲದಿದ್ದರೆ ಇಳಿಸುವವರಿಗೆ ಕೆಲಸವೇ ಇರುವುದಿಲ್ಲ. ನನ್ನ ಸೊಕ್ಕು ಬಣ್ಣದ್ದು. ಮಸ್ಕಿಯಲ್ಲಿ ಸೀರೆ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷವಾಯಿತು. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ ಯಾವುದು, ಬರೀ ಗುಲಾಬಿ ಯಾವುದು ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಹೀಗಿರುವಾಗ ಸಿಂಧನೂರಿನ ನನ್ನ ಹೆಂಡತಿಯ ತಮ್ಮ ವೀರೇಶ ಎರಡು ಡಬ್ಬಿ ತಂದು ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟ. ಒಳಗೆ ಅವನು ಸಾಕಿದ ಆಫ್ರಿಕಾದ ಹೆಬ್ಬಾವುಗಳು. ವಿಷವಿಲ್ಲ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತವೆ, ಅಷ್ಟೇ. ಅವನು ಲಿಂಗಸುಗೂರಿಗೆ ಮದುವೆಗೆ ಹೊರಟಿದ್ದ.

“ಮಾಮಾ, ಡಬ್ಬಿ ಮ್ಯಾಲೆ ಹೆಸರು ಬರದೀನಿ. ಪೇಸ್ಟಲ್ ನಿನ್ನೆ ಉಂಡಾನ, ಮತ್ತ ಹಾಕಿದ್ರ ಕಾರಿಕೊಂಡು ಸತ್ತ ಹೋಗ್ತಾನ. ಎಂಚಿ ಮೂರು ವಾರದಿಂದ ಉಪವಾಸ ಅದಾನ, ಗುರುವಾರ ನಾ ತಂದಿಟ್ಟ ಇಲಿ ಹಾಕ್ರಿ. ಬಣ್ಣ ಮಾತ್ರ ನೋಡಾಕ ಹೋಗಬ್ಯಾಡ್ರಿ, ನಿಮಗ ತಿಳಿಯೂದಿಲ್ಲ” ಎಂದ.

ಇಲಿಯ ಮಾತು ನುಂಗಿಕೊಂಡೆ. ಲಿಂಗ ಕಟ್ಟಿದ, ಮಾಂಸ ಮುಟ್ಟದ ನಮ್ಮ ಮನೆತನದಲ್ಲಿ ಅದೇನು ಸಣ್ಣ ತುತ್ತಲ್ಲ. ಕೊನೆಯ ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ನನಗೆ ಬಣ್ಣ ತಿಳಿಯುವುದಿಲ್ಲವೇ? ಪೇಸ್ಟಲ್ ಎಂದರೆ ನಿಂಬೆಹಣ್ಣಿನ ಹಳದಿ, ಎಂಚಿ ಎಂದರೆ ಸ್ವಲ್ಪ ಕಿತ್ತಳೆ ಬೆರೆತ ಹಳದಿ ಎಂದು ಅವನೇ ಹೇಳಿದ್ದ. ಆದರೆ ಕೋಣೆಯ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ತಾಕಿನಿಂದ ಕತ್ತರಿಸಿದ ಬಟ್ಟೆಯಂತೆ ಕಂಡವು. ಟ್ಯೂಬ್‌ಲೈಟನ್ನು ನಂಬಿ ಸೀರೆ ಕೊಂಡವರು ಮರುದಿನ ಬದಲಿಸಲು ಬರುತ್ತಾರೆ. ಬಣ್ಣವನ್ನು ಬಾಗಿಲ ಬೆಳಕಿಗೆ ತಂದು, ಪಕ್ಕಪಕ್ಕ ಇಟ್ಟೇ ನೋಡಬೇಕು. ಇದು ನಮ್ಮ ಕಸುಬಿನ ಶಾಸ್ತ್ರ.

ಗುರುವಾರ ಬೆಳಗ್ಗೆ ಎರಡನ್ನೂ ಮೀಟರ್ ಕೋಲಿನಿಂದ ಎತ್ತಿ, ಬಾಗಿಲ ಹತ್ತಿರ ಬಿಳಿ ಗಾದಿಯ ಮೇಲೆ ಇಟ್ಟೆ. ಅಷ್ಟರಲ್ಲಿ ಒಬ್ಬ ಅಜ್ಜಿ ಜಂಪರ್ ಬಟ್ಟೆ ಕೇಳುತ್ತಾ ಮೆಟ್ಟಿಲೇರಿದರು. ಗಾಬರಿಯಲ್ಲಿ ಹಾವುಗಳ ಮೇಲೊಂದು ಸೀರೆ ಮುಚ್ಚಿದೆ. ಅಜ್ಜಿ ಹತ್ತು ತುಂಡು ಬಿಚ್ಚಿಸಿ, ಒಂದನ್ನೂ ಕೊಳ್ಳದೆ ಹೋದ ಮೇಲೆ ಸೀರೆ ತೆಗೆದರೆ ಎರಡೂ ಒಂದರೊಳಗೊಂದು ಸೇರಿ ಒಂದೇ ಮುದ್ದೆಯಾಗಿದ್ದವು. ಯಾವುದು ಯಾವ ಡಬ್ಬಿಯದು?

ಬಿಡಿಸಿ ನೋಡಿದೆ, ಓರೆಯಾಗಿ ನೋಡಿದೆ, ಕನ್ನಡಕ ಒರೆಸಿ ನೋಡಿದೆ. ಎರಡೂ ಹಳದಿ. ತಪ್ಪಿದರೆ ಒಂದು ಹೊಟ್ಟೆ ಕೆಟ್ಟು ಸಾಯುತ್ತದೆ, ಇನ್ನೊಂದು ಹಸಿದೇ ಉಳಿಯುತ್ತದೆ. ಎರಡನ್ನೂ ಹಿಂದಿನ ಕೋಣೆಗೆ ಒಯ್ದು, ಸಿಕ್ಕ ಸಿಕ್ಕ ಡಬ್ಬಿಗೆ ಹಾಕಿ, ನೋಡುತ್ತಾ ಕುಳಿತೆ. ವೀರೇಶನಿಗೆ ಫೋನ್ ಮಾಡಬಹುದಿತ್ತು. ಆದರೆ ‘ತಿಳಿಯೂದಿಲ್ಲ’ ಎಂದವನಿಗೆ ‘ಹೌದಪ್ಪ, ತಿಳಿಯಲಿಲ್ಲ’ ಎನ್ನುವುದು ಹೇಗೆ?

ಮಧ್ಯಾಹ್ನ ಬುತ್ತಿ ತಂದ ಹೆಂಡತಿ ಗಿರಿಜಾ, ಬುತ್ತಿ ಕೆಳಗಿಡದೆಯೇ ಒಂದರತ್ತ ಬೆರಳು ತೋರಿಸಿದಳು. “ಅದು ಎಂಚಿ.”

“ಹಳದಿ ಹೆಂಗ ಗುರ್ತು ಹಿಡದಿ?”

“ಹಳದಿ ಯಾರು ನೋಡ್ಯಾರ? ಗಲ್ಲದ ಮ್ಯಾಲೆ ದೃಷ್ಟಿಬೊಟ್ಟಿನಂಗ ಕರಿ ಚುಕ್ಕಿ ಐತಿ. ದಿನಾ ಬುತ್ತಿ ತಂದಾಗ ಡಬ್ಬಿ ಮ್ಯಾಲಿನ ಹೆಸರೂ ಒಳಗಿನ ಮಾರಿನೂ ನೋಡೀನಿ. ನೀವು ಮಾರಿ ಎಲ್ಲಿ ನೋಡ್ತೀರಿ? ಹೋದ ವಾರ ಮುದಗಲ್‌ದಿಂದ ನನ್ನ ತಂಗಿ ಅಂಗಡಿಗೆ ಬಂದ್ರ, ‘ಏನು ತೋರಿಸಲ್ರಿ ಅಕ್ಕಾರ’ ಅಂದ್ರಂತ.”

ನೆನಪಾಯಿತು. ತಂಗಿಯ ಮುಖವಲ್ಲ, ಅವಳು ಉಟ್ಟಿದ್ದ ನವಿಲು ಬಣ್ಣದ ಸೀರೆ.

ಇಲಿ ಎಂಚಿಗೇ ಸೇರಿತು. ಸಂಜೆ ಎರಡರ ಚಿತ್ರಕ್ಕೆ ‘ಎಡಗಡೆಯದು ಎಂಚಿ’ ಎಂದು ಬರೆದು ಕಳಿಸಿದೆ. ಫೋನಿನಲ್ಲಿ ಅದನ್ನು ನೋಡಿದ ವೀರೇಶ, “ಮಾಮಾ, ನಿಮ್ಮ ಕಣ್ಣು ಭಾರಿ ಚುರುಕ ಬಿಡ್ರಿ” ಎಂದ. ನಾನು ಬೇಡವೆನ್ನಲಿಲ್ಲ. ಆದರೂ ಒಳಗೊಳಗೇ ನಾಚಿಕೆಯಾಗಿ, ಊಟಕ್ಕೆ ಕುಳಿತಾಗ ಹೆಂಡತಿಯ ಮುಖವನ್ನು ಮನಸ್ಸಿಟ್ಟು ನೋಡಿದೆ.

“ಮೂಗುಬೊಟ್ಟು ಹೊಸಾದೇನು? ಛಲೋ ಐತಿ.”

ರೊಟ್ಟಿ ಬಡಿಸುತ್ತಿದ್ದ ಕೈ ನಿಂತಿತು. “ಮಗಳ ಮದುವ್ಯಾಗ ನೀವ ಕೊಡಿಸಿದ್ದು. ಆಕಿ ಮಗಾ ಈಗ ಸಾಲಿಗೆ ಹೊಂಟಾನ.”