ಮನೆ ಮಾರಲು ಕಪಾಟಿಗೆ ಬಣ್ಣ

ನಮ್ಮ ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕೆಂದರೂ ಅದು ಗೋಡೆಗೆ ಇಳಿಯುವುದರೊಳಗೆ ಒಂದು ಪ್ರಸಂಗ ನಡೆದೇ ತೀರುತ್ತದೆ. ಅಂಥ ಮನೆಯಲ್ಲಿ ಅಡಿಗೆಮನೆಯ ಹಳೇ ಕಪಾಟುಗಳನ್ನೆಲ್ಲ ಹೊಸದು ಮಾಡಲು ಹೊರಟರೆ ಏನೇನಾಗಬೇಡ!

ಕಾರಣ ಹೇಳಿಬಿಡುತ್ತೇನೆ. ನಾನು ಕುರುಗೋಡಿನಲ್ಲಿ ಶಾಲೆಯ ಟೀಚರು. ಮನೆ ಬಳ್ಳಾರಿಯ ಪಾರ್ವತಿನಗರದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಹೋಗಿ ಸಂಜೆ ನಿಂತೇ ವಾಪಸ್ಸು ಬರುವುದರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಈ ವರ್ಷ ಕುರುಗೋಡಿನಲ್ಲಿ, ಶಾಲೆಯ ಗಂಟೆ ಕೇಳುವಷ್ಟು ಹತ್ತಿರ, ಒಂದು ಮನೆ ಮಾರಾಟಕ್ಕೆ ಬಂತು. ನೋಡಿದ ದಿನವೇ ಅದರ ಅಂಗಳದಲ್ಲಿ ನಾನು ಮನಸ್ಸಿನೊಳಗೇ ರಂಗೋಲಿ ಹಾಕಿ ಮುಗಿಸಿದ್ದೆ. ಆದರೆ ಆ ಮನೆಯ ಯಜಮಾನರು, "ಬಸವ ಜಯಂತಿ ತನಕ ಕಾಯ್ತೀನಿ ಟೀಚರಮ್ಮ. ಆಮ್ಯಾಲೆ ಬ್ಯಾರೆಯವ್ರಿಗೆ ಕೊಟ್ಟುಬಿಡ್ತೀನಿ" ಎಂದರು. ಅಷ್ಟರೊಳಗೆ ನಮ್ಮ ಮನೆ ಮಾರಬೇಕು.

ನಮ್ಮದೇನೋ ಗಟ್ಟಿಮುಟ್ಟಾದ ಮನೆ. ಬಂದವರು ಹಾಲ್ ನೋಡಿ ತಲೆಯಾಡಿಸುತ್ತಿದ್ದರು, ದೇವರ ಕೋಣೆ ನೋಡಿ ಕೈ ಮುಗಿಯುತ್ತಿದ್ದರು, ಅಡಿಗೆಮನೆ ನೋಡಿ "ಫೋನ್ ಮಾಡ್ತೀವ್ರಿ" ಎಂದು ಚಪ್ಪಲಿ ಮೆಟ್ಟುತ್ತಿದ್ದರು. ಮೊನ್ನೆ ಮೊನ್ನೆ ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಮನೆಯವರು ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. "ಅವ್ರೇನು ಅಡಿಗಿಮನ್ಯಾಗ ಮಲಗ್ತಾರೇನು?" ಎನ್ನುತ್ತಿದ್ದರು.

ಕೈಗೆ ಬಂದ ಬಾಗಿಲು

ಅವರ ಕಣ್ಣು ತೆರೆಸಿದವರು ಒಬ್ಬ ಹೆಣ್ಣುಮಗಳು. ಮನೆ ನೋಡಲು ಗಂಡನ ಜೊತೆ ಬಂದಿದ್ದರು. ಬಹಳ ಮರ್ಯಾದಸ್ಥೆ, ನನ್ನ ಅಪ್ಪಣೆ ಕೇಳಿಯೇ ಒಲೆಯ ಕೆಳಗಿನ ಕಪಾಟನ್ನು ಮೆಲ್ಲಗೆ ಎಳೆದರು. ಬಾಗಿಲು ತೆರೆಯಲಿಲ್ಲ. ಇನ್ನೊಂಚೂರು ಎಳೆದರು. ಬಾಗಿಲು ಕೀಲು ಸಮೇತ ಅವರ ಕೈಗೇ ಬಂತು!

ಪಾಪ, ಅದನ್ನು ಎದೆಗವಚಿಕೊಂಡು ನಿಂತು, "ಅಕ್ಕಾರ, ಇದನ್ನ ಎಲ್ಲಿ ಇಡ್ಲಿ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು ಅಭಿಮಾನದಿಂದ ಹೇಳಿದರು: "ಅಲ್ಲೇ ಗ್ವಾಡಿಗೆ ಆನಿಸ್ರಿ. ನಾವು ದಿನಾ ಅಲ್ಲೇ ಇಡೋದು."

ಪಕ್ಕದ ಮನೆಯ ಡಬ್ಬಿ

ಆ ಹೆಣ್ಣುಮಗಳೂ ಫೋನ್ ಮಾಡದ ಮೇಲೆ ನಮ್ಮ ಮನೆಯವರು ಕಪಾಟು ಹೊಸದು ಮಾಡಲು ಒಪ್ಪಿದರು. ಬಣ್ಣ ಹಚ್ಚಬೇಕಾದರೆ ಕಪಾಟು ಖಾಲಿಯಾಗಬೇಕು. ನಮ್ಮ ಅತ್ತೆ ಖಾಲಿ ಬಾಟಲಿಯನ್ನೂ ಬೀಳ್ಕೊಡದ ಹೆಂಗಸು. ಮೂಲೆಯ ಕಪಾಟಿಗೆ ಕೈ ಹಾಕಿದರೆ ಮುಚ್ಚಳವಿಲ್ಲದ ಡಬ್ಬಿಗಳು ಒಂದು ಕಡೆ, ಡಬ್ಬಿಯಿಲ್ಲದ ಮುಚ್ಚಳಗಳು ಇನ್ನೊಂದು ಕಡೆ. ಎಲ್ಲದರ ಹಿಂದೆ ಹೊಳೆಯುವ ಸ್ಟೀಲ್ ಡಬ್ಬಿಯೊಂದು ಕೂತಿತ್ತು. ಮೇಲೆ ಪಕ್ಕದ ಮನೆಯಾಕೆಯ ಹೆಸರು!

ಈ ಡಬ್ಬಿಗಾಗಿ ನಾವಿಬ್ಬರೂ ಒಂದು ಕಾಲಕ್ಕೆ ಮಾತು ಬಿಟ್ಟಿದ್ದೆವು. "ನಿಮ್ಮ ಡಬ್ಬಿ ಅವತ್ತೇ ಕೊಟ್ಟೀನ್ರಿ" ಎಂದು ನಾನು ದೇವರಾಣೆ ಒಂದು ಬಿಟ್ಟು ಮಿಕ್ಕೆಲ್ಲ ಆಣೆಯನ್ನೂ ಇಟ್ಟಿದ್ದೆ.

ಈಗ ಕೊಡದೆ ವಿಧಿಯಿಲ್ಲ. ಕೊಡುವ ಡಬ್ಬಿಯನ್ನು ಬರಿದಾಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹೋಳಿಗೆ ಮಾಡಿ, ಡಬ್ಬಿ ತುಂಬಿ, ತಲೆ ತಗ್ಗಿಸಿ ಹೋಗಿ ಕೊಟ್ಟೆ. ಆಕೆ ಡಬ್ಬಿ ನೋಡಿದಳು, ಹೋಳಿಗೆ ನೋಡಿದಳು, ಒಳಗೆ ಹೋದಳು. ನೀರು ಕುಡಿದು ಲೋಟ ಇಡುವಷ್ಟರಲ್ಲಿ ಹೊರಗೆ ಬಂದಳು. ಕೈಯಲ್ಲಿ ನನ್ನ ತಾಮ್ರದ ತಂಬಿಗೆ, ನನ್ನ ಇಡ್ಲಿ ತಟ್ಟೆ, ನನ್ನ ತುರಿಯೋ ಮಣೆ!

ಆಕೆಯ ಡಬ್ಬಿ ನನಗೆ ಸಿಗಬೇಕಾದರೆ ಇಡೀ ಕಪಾಟು ಖಾಲಿ ಮಾಡಬೇಕಾಯಿತು. ಆಕೆಗೆ ಹುಡುಕುವ ಕಷ್ಟವೇ ಬರಲಿಲ್ಲ.

ಹೊಸ ಹಿಡಿಕೆ

ಬಣ್ಣದ ಮೇಸ್ತ್ರಿ ಕೌಲ್ ಬಜಾರಿನವನು. ಕೆಲಸಕ್ಕಿಂತ ಮಾತು ಸ್ವಲ್ಪ ಹೆಚ್ಚು ನಯ. ಅವನು ಬರುವ ಮೊದಲೇ ಹೊಸ ಹಿಡಿಕೆಗಳಿಗೆ ತೂತು ಕೊರೆದಿಡುತ್ತೇನೆಂದು ನಮ್ಮ ಮನೆಯವರು ಹಠ ಹಿಡಿದರು. ನಾನು ಶಾಲೆಗೆ ಹೋಗಿದ್ದ ದಿನ ಬಾಗಿಲುಗಳನ್ನೆಲ್ಲ ನೆಲಕ್ಕೆ ಹಾಕಿ, ಸ್ಕೇಲು ಹಿಡಿದು, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಅಳತೆಯಂತೂ ಬಹಳ ಚೊಕ್ಕವಾಗಿ ಮಾಡಿದ್ದರು. ಒಂದೇ ಒಂದು ತಪ್ಪು. ತೂತುಗಳೆಲ್ಲ ಕೀಲಿನ ಕಡೆಗೇ ಬಿದ್ದಿದ್ದವು.

ಮೇಸ್ತ್ರಿ ಬಂದು ಒಂದೊಂದೇ ಬಾಗಿಲನ್ನು ಎತ್ತಿ ನೋಡಿದ. ಮನೆ ಯಜಮಾನನಿಗೆ ಮುಖಭಂಗ ಮಾಡುವ ಜಾತಿಯವನಲ್ಲ. "ಟೀಚರಮ್ಮ, ಸಾಹೇಬ್ರು ಬಾಳ ದೂರದ ವಿಚಾರ ಮಾಡ್ಯಾರ. ಕಳ್ಳ ಬಂದ್ರೂ ಬೆಳತನಕ ಎಳ್ಕೋತ ಕುಂತಿರ್ಬೇಕು!" ಎಂದ.

ಆ ತೂತುಗಳಿಗೆಲ್ಲ ಲಪ್ಪಂ, ಅಂದರೆ ಪುಟ್ಟಿ, ಮೆತ್ತಿ, ಉಪ್ಪುಕಾಗದ ಹಾಕಿ ತಿಕ್ಕಿ ನುಣುಪು ಮಾಡುವ ಕೆಲಸವನ್ನು ನಾನು ಸಾಹೇಬರಿಗೇ ವಹಿಸಿದೆ.

ಷಡ್ಡಕನ ಬಣ್ಣ

ಇನ್ನು ಬಣ್ಣದ ಜಗಳ. ನಮ್ಮ ಮನೆಯವರಿಗೆ ಚಾಕೊಲೇಟ್ ಬಣ್ಣವೇ ಬೇಕು, ಕೊಳೆ ಕಾಣುವುದಿಲ್ಲವಂತೆ. ಅತ್ತೆಗೆ ಗಿಳಿಹಸಿರು, ಮಂಗಳಕರವಂತೆ. ನನಗೆ ತಿಳಿ ಕೆನೆ ಬಣ್ಣ. ಮೇಸ್ತ್ರಿ ಮೂವರಿಗೂ "ಬಾಳ ಚಲೋ ಸೆಲೆಕ್ಷನ್ ರೀ" ಎಂದು ಹೇಳಿ ಬೀಡಿ ಸೇದಲು ಹೊರಗೆ ಹೋದ.

ನಾನು ತರಗತಿಯಲ್ಲಿ ಪಳಗಿದವಳು. ವಾದ ಮಾಡಲಿಲ್ಲ. ಚಹಾ ಕೊಡುವಾಗ ನಮ್ಮ ಮನೆಯವರಿಗೆ ಸುಮ್ಮನೆ ಹೇಳಿದೆ: "ಚಾಕೊಲೇಟೇ ಇರ್ಲಿ ಬಿಡ್ರಿ. ನಮ್ಮ ತಂಗಿ ಗಂಡನೂ ಹೋದ ವರ್ಷ ಅದನ್ನ ಹಚ್ಚಿಸ್ಯಾನ. ನಿಮ್ಮನ್ನ ನೋಡಿ ಬಾಳ ಖುಷಿಪಡ್ತಾನ." ತಂಗಿಯ ಗಂಡ, ಅಂದರೆ ಇವರ ಷಡ್ಡಕ, ಎಂದರೆ ಇವರಿಗೆ ಅಷ್ಟಕ್ಕಷ್ಟೆ. ಚಹಾ ಮುಗಿಯುವ ಮೊದಲೇ ಚಾಕೊಲೇಟ್ ಸತ್ತಿತು. ಅತ್ತೆಗೆ, ಗಿಳಿಹಸಿರು ಎದುರುಮನೆಯವರ ಶೌಚಾಲಯದ ಬಾಗಿಲಿಗಿದೆ ಎಂದು ಕಿಟಕಿಯಿಂದಲೇ ತೋರಿಸಿದೆ.

ಕೆನೆ ಬಣ್ಣ ಎಲ್ಲರ ಒಮ್ಮತದಿಂದ ಆಯ್ಕೆಯಾಯಿತು. "ನಾ ಮೊದ್ಲಿಂದ ಇದನ್ನ ಹೇಳಾಕತ್ತಿದ್ದೆ" ಎಂದು ನಮ್ಮ ಮನೆಯವರು ಮೇಸ್ತ್ರಿಗೆ ಹೇಳಿದ್ದು ನನಗೆ ಕೇಳಿಸಿತು.

ಮಾಳಿಗೆಯ ಮೇಲೆ

ಬಾಗಿಲುಗಳಿಗೆ ಬಣ್ಣ ಬಳಿದು, ಮಾಳಿಗೆಯ ಮೇಲೆ ಇಟ್ಟಿಗೆ ಇಟ್ಟು ಸಾಲಾಗಿ ಮಲಗಿಸಿದ್ದೆವು. "ಮ್ಯಾಲೆ ಒಣಗಿದಂಗ ಕಾಣ್ತೈತಿ, ಒಳಗ ಇನ್ನಾ ಹಸಿ ಇರ್ತೈತಿ. ಯಾರೂ ಮುಟ್ಟಬ್ಯಾಡ್ರಿ" ಎಂದು ಮೇಸ್ತ್ರಿ ಹೇಳಿ ಹೋಗಿದ್ದ. ಅಷ್ಟರಲ್ಲಿ ದಲಾಲಿಯ ಫೋನು: ಸಿರುಗುಪ್ಪದ ಅಕ್ಕಿ ವ್ಯಾಪಾರಸ್ಥರು ನಾಳೆ ಬೆಳಿಗ್ಗೆ ಮನೆ ನೋಡಲು ಬರುತ್ತಾರೆ, ಗಟ್ಟಿ ಗಿರಾಕಿ. ಬಸವ ಜಯಂತಿ ಬಾಗಿಲಿಗೆ ಬಂದಿತ್ತು. ಇವರೂ ಚಪ್ಪಲಿ ಮೆಟ್ಟಿದರೆ ಕುರುಗೋಡಿನ ಮನೆ ಕೈ ಬಿಟ್ಟಂತೆ.

ಅಂದು ಸಂಜೆ, ಬೇಸಿಗೆ ರಜೆಯಲ್ಲೂ ಬಿಡದ ಶಾಲೆಯ ಕೆಲಸ ಮುಗಿಸಿ ಬಂದು, ಬಾಗಿಲು ನೋಡೋಣವೆಂದು ಮೆಟ್ಟಿಲು ಹತ್ತಿದೆ. ಬಾಗಿಲುಗಳ ಮೇಲೆಲ್ಲ ಅತ್ತೆಯ ಹಳೇ ಇಳಕಲ್ ಸೀರೆ ಹಾಸಿತ್ತು. ಸೀರೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಸಾಲು ಸಾಲು ಸಂಡಿಗೆ!

"ಅವ್ವಾ, ಏನ್ ಮಾಡಿದಿ ಇದು?" ಎಂದು ಹಿಂದೆಯೇ ಬಂದ ನಮ್ಮ ಮನೆಯವರು ಕೂಗಿದರು.

"ಏನ್ ಮಾಡೀನಿ? ಸಂಡಿಗಿ ಮಾಡೀನಿ" ಎಂದರು ಅತ್ತೆ. "ಇಷ್ಟು ಸಪಾಟ ಹಲಗಿ ಬಿಸಿಲಾಗ ಸುಮ್ನ ಬಿದ್ದಿದ್ವು. ನೋಡಿ ಹೊಟ್ಟಿ ಉರೀತು. ಕೈ ಹಚ್ಚಿ ನೋಡಿದೆ, ಅಂಟಲಿಲ್ಲ. ಮ್ಯಾಲೆ ಸೀರಿ ಬ್ಯಾರೆ ತೊಯ್ಸಿ ಹಾಸೀನಿ."

ಸಂಡಿಗೆಗಳನ್ನು ಬಿಡಿಸಿ ಚಾಪೆಗೆ ಹಾಕಿ, ಸೀರೆಯನ್ನು ಎಳೆದರೆ ಚರ್ರೆಂದು ಬಂತು. ಕೆಳಗೆ ಬಾಗಿಲುಗಳ ಮೇಲೆ ಸೀರೆಯ ನೇಯ್ಗೆ ಪಡಿಯಚ್ಚಾಗಿ ಮೂಡಿತ್ತು. ಅಂಚಿನ ಗೆರೆಗಳೂ ಬಿಟ್ಟಿರಲಿಲ್ಲ. ಅದರ ನಡುವೆ, ಸೌಟಿನಿಂದ ಬಿಸಿ ಹಿಟ್ಟು ಸುರಿದಲ್ಲೆಲ್ಲ ದುಂಡು ದುಂಡು ಗುರುತು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಗುವ ಸಂಗತಿ ಎಂದು ಈಗ ಅನ್ನಿಸುತ್ತದೆ, ಆಗ ನಿಜಕ್ಕೂ ಅಳುವೇ ಬಂತು. ಮತ್ತೆ ಬಳಿಯಲು ಹೊತ್ತಿಲ್ಲ. ಬಾಗಿಲಿಲ್ಲದ ಕಪಾಟಿಗಿಂತ ಅಚ್ಚು ಬಿದ್ದ ಬಾಗಿಲೇ ವಾಸಿ ಎಂದು ಮೇಸ್ತ್ರಿಯನ್ನು ಕರೆಸಿ ಹಾಗೇ ಕೂಡಿಸಿದ್ದಾಯಿತು.

ಬೆಳಿಗ್ಗೆ ಸಿರುಗುಪ್ಪದವರು ಬಂದರು. ವ್ಯಾಪಾರಸ್ಥರು, ಅವರ ಹೆಂಡತಿ, ಅವರ ತಾಯಿ. ಹಿರಿಯಮ್ಮ ಹಾಲಿನಲ್ಲಿ ಕೂರಲೂ ಇಲ್ಲ, ನೇರ ಅಡಿಗೆಮನೆಗೇ ನಡೆದರು. ಅಲ್ಲಿ ಮೇಸ್ತ್ರಿ ಕೊನೆಯ ಹಿಡಿಕೆ ಬಿಗಿಯುತ್ತಿದ್ದ.

ಸೊಸೆ ಬಾಗಿಲು ನೋಡಿ ಕಣ್ಣರಳಿಸಿದಳು. "ಎಷ್ಟು ಚಂದ ಡಿಸೈನ್ ಐತ್ರಿ! ಯಾರು ಮಾಡಿದ್ದು?"

ಬೈಗುಳಕ್ಕೆ ತಯಾರಾಗಿ ನಿಂತಿದ್ದ ಮೇಸ್ತ್ರಿಗೆ ಜೀವ ಬಂತು. "ಹೈದರಾಬಾದ್ ಡಿಸೈನ್ ರೀ ಮೇಡಂ. ಬಳ್ಳಾರಿಯಾಗ ನಾನೊಬ್ನ ಮಾಡೋದು!"

ನಮ್ಮ ಮನೆಯವರಿಗೆ ಕೆಮ್ಮು ಬಂತು. ನಾನು ಅವರ ಕಾಲು ತುಳಿದೆ. ಹಿರಿಯಮ್ಮ ಮಾತ್ರ ಬಾಗಿಲನ್ನು ಮೇಲಿಂದ ಕೆಳಗೆ ಸವರಿದರು. ದುಂಡು ಗುರುತಿನ ಹತ್ತಿರ ಮೂಗು ಒಯ್ದು ಮೂಸಿದರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ ಕೇಳಿದರು:

"ಹೈದರಾಬಾದಿನ್ಯಾಗ ಬಣ್ಣಕ್ಕ ಜೀರಿಗಿ ಹಾಕ್ತಾರೇನಪ್ಪ?"

ಮೇಸ್ತ್ರಿ ಬೀಳದ ಸ್ಕ್ರೂ ಹುಡುಕಲು ನೆಲಕ್ಕೆ ಬಗ್ಗಿದ. ಮುಗಿಯಿತು ಕಥೆ, ಇನ್ನು ನಿವೃತ್ತಿಯವರೆಗೆ ಬಸ್ಸೇ ಗತಿ ಎಂದುಕೊಂಡೆ. ಆಗ ನಮ್ಮ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ಇಂಗೂ ಹಾಕೀನವ್ವ."

ಇಬ್ಬರು ಹಿರಿಯರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಯಾವಾಗ ಹಾಕಿದ್ರಿ?"

"ನಿನ್ನಿ ಮುಂಜಾನಿ. ಮಾಳಿಗಿ ಮ್ಯಾಲೆ. ಬರ್ರಿ, ತೋರಿಸ್ತೀನಿ."

ಮಂಡಿನೋವಿನ ಅತ್ತೆ ಮುಂದೆ, ಹಿರಿಯಮ್ಮ ಹಿಂದೆ, ಇಬ್ಬರೂ ಸರಸರ ಮೆಟ್ಟಿಲು ಹತ್ತಿದರು. ನಾವೆಲ್ಲ ಬೆನ್ನು ಹತ್ತಿ ಹೋದೆವು. ಹಿರಿಯಮ್ಮ ಚಾಪೆಯಿಂದ ಒಂದು ಸಂಡಿಗೆ ಎತ್ತಿ ಮುರಿದರು. ಟಪ್ ಎಂದಿತು.

"ನಿನ್ನಿ ಹಾಕಿದ್ದು ಇವತ್ತಿಗೇ ಇಷ್ಟು ಗರಿಗರಿ!" ಎಂದರು. "ಸಿರುಗುಪ್ಪದಾಗ ನಮ್ಮ ಸುತ್ತಮುತ್ತ ಅಂತಸ್ತಿನ ಮ್ಯಾಲೆ ಅಂತಸ್ತು ಎಬ್ಬಿಸಿ ಮಾಳಿಗಿಗೆ ಬಿಸಿಲೇ ಇಲ್ಲದಂಗ ಮಾಡ್ಯಾರ. ಏ ತಮ್ಮಾ, ಈ ಮನಿ ಮುಗಿಸಿಬಿಡು."

"ಯವ್ವಾ, ಇನ್ನಾ ಬೆಡ್‌ರೂಮ್ ನೋಡಿಲ್ಲ" ಎಂದರು ಮಗ.

"ಬೆಡ್‌ರೂಮಿನ್ಯಾಗ ಸಂಡಿಗಿ ಒಣಗಸ್ತೀಯೇನು?"

ಮಾತು ಅಲ್ಲೇ ಮುಗಿಯಿತು. ಎಲೆ ಅಡಿಕೆ ಮೇಲೆ ಮುಂಗಡ ಇಟ್ಟರು. ನಾನು ಕುರುಗೋಡಿಗೆ ಫೋನ್ ಹಚ್ಚಿ, "ಮನಿ ನಮ್ದ ರೀ, ಬ್ಯಾರೆ ಯಾರಿಗೂ ತೋರಿಸಬ್ಯಾಡ್ರಿ" ಎಂದು ಕೂಗಿಯೇ ಹೇಳಿದೆ. ಅಷ್ಟು ದೊಡ್ಡ ದನಿಯಲ್ಲಿ ನಾನು ಶಾಲೆಯಲ್ಲೂ ಮಾತಾಡಿದವಳಲ್ಲ.

ಹೊರಡುವಾಗ ಹಿರಿಯಮ್ಮ ನನ್ನ ಕೈ ಹಿಡಿದು ಸಮಾಧಾನ ಹೇಳಿದರು: "ಬಾಗಿಲಿನ ಚಿಂತಿ ಮಾಡಬ್ಯಾಡವ್ವ. ಆ ಅಡಿಗಿಮನಿ ಹೆಂಗಿದ್ರೂ ಒಡಿಸಿ ದೊಡ್ಡದು ಮಾಡ್ಸೋದೈತಿ."

ತೂತು ಮುಚ್ಚಿ ಮುಚ್ಚಿ ಬೆರಳು ಸವೆಸಿಕೊಂಡಿದ್ದ ನಮ್ಮ ಮನೆಯವರು ಅಲ್ಲೇ ಕಟ್ಟೆಯ ಮೇಲೆ ಕುಸಿದರು. "ಒಡಿಸ್ತೀರಾ? ಹೊಸಾ ಬಣ್ಣ ರೀ!"

ಅತ್ತೆ ಮಗನ ಕಡೆ ತಿರುಗಿಯೂ ನೋಡಲಿಲ್ಲ. "ಒಡಿಸ್ರವ್ವ, ಒಡಿಸ್ರಿ" ಎಂದರು. "ಆ ಬಾಗ್ಲಾ ಮಾತ್ರ ನಾವು ಕುರುಗೋಡಿಗೆ ಒಯ್ತೀವಿ. ಹಪ್ಪಳ ಇನ್ನಾ ಬಾಕಿ ಅದಾವ."