ಪಡಸಾಲೆಗೊಂದು ಬಾಗಿಲು

ಗುರುಸಿದ್ದಯ್ಯ: ಗೋಡೆ ಒಡೆಯೋ ಮಾತು ಮಾತ್ರ ಬೇಡ ಕಣೆ.

ಚೂಡಾಮಣಿ: ಒಡೀರಿ ಅಂತ ಯಾರಂದ್ರು? ಒಂದು ಬಾಗಿಲು ಇಡಿ ಅಂದೆ.

ಗುರುಸಿದ್ದಯ್ಯ: ಒಡೀದೆ ಎಲ್ಲಿಡ್ಲಿ? ತಾತ ಇಡದೇ ಇದ್ದದ್ದನ್ನ ನಾನಿಡಲ್ಲ.

ಲಷ್ಕರ್ ಮೊಹಲ್ಲಾದ ಆ ತೊಟ್ಟಿಮನೆಯನ್ನು ೧೯೧೧ರಲ್ಲಿ ಕಟ್ಟಿಸಿದವರು ಗುರುಸಿದ್ದಯ್ಯನವರ ತಾತ, ಜವಳಿ ವ್ಯಾಪಾರಿ ಶಿವಮಲ್ಲಪ್ಪನವರು. ಮೊಮ್ಮಗ ಸರ್ಕಾರಿ ಇಲಾಖೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು, ಜಿಲ್ಲೆಯ ತುಂಬ ಸಿಮೆಂಟಿನ ಡಬ್ಬದಂಥ ಕಟ್ಟಡಗಳನ್ನು ಎಬ್ಬಿಸಿ, ೧೯೯೮ರಲ್ಲಿ ನಿವೃತ್ತರಾದ ಮರುದಿನವೇ ಸುಣ್ಣದ ಗಾರೆಯ ಭಕ್ತರಾದರು. ಮನೆ ಮೊದಲು ಹೇಗಿತ್ತೋ ಹಾಗೇ ಆಗಬೇಕೆಂದು ಹಠ ಹಿಡಿದರು. ಆ ಹಠಕ್ಕೆ ಹೆಂಡತಿಯ ಸಿಂಕು ಹೋಯಿತು, ಮೊಸಾಯಿಕ್ ಕಟ್ಟೆ ಹೋಯಿತು. ಚೂಡಾಮಣಿ ಸಹಿಸಿಕೊಂಡರು.

ಸಹಿಸಲಾಗದ್ದು ಒಂದೇ. ಅಡುಗೆಮನೆಗೂ ಪಡಸಾಲೆಗೂ ನಡುವೆ ಇದ್ದದ್ದು ಬರೀ ಒಂದು ಗೋಡೆ. ಆದರೂ ಬಡಿಸಬೇಕೆಂದರೆ ತೊಟ್ಟಿಯನ್ನು ಪೂರ್ತಿ ಸುತ್ತಿ ಬರಬೇಕು. ಹೋದ ವಾರ ಮಳೆಯ ಎರಚಲಿಗೆ ಒದ್ದೆಯಾದ ಚಪ್ಪಡಿಯ ಮೇಲೆ ಆಕೆ ಹುಳಿಯ ಪಾತ್ರೆಯ ಸಮೇತ ಜಾರಿ ಬಿದ್ದಿದ್ದರು. ಓಡಿ ಬಂದ ಗಂಡ ಮೊದಲು ಕೇಳಿದ್ದು, ಕಲ್ಲಿಗೇನಾದರೂ ಆಯಿತೇ ಎಂದು. ಮಂಡಿಯ ಊತ ಇಳಿಯುತ್ತಿತ್ತು. ಆ ಮಾತು ಇಳಿದಿರಲಿಲ್ಲ.

ಈ ವಾದದ ನಡುವೆಯೇ ಗೋಡೆಯ ಹಳೆಯ ಗಾರೆ ಕೆರೆಯುತ್ತಿದ್ದ ಎಪ್ಪತ್ತು ದಾಟಿದ ಗಾರೆ ಕೆಲಸದ ಚಾಮಯ್ಯ ಕೈ ನಿಲ್ಲಿಸಿದ.

ಚಾಮಯ್ಯ: ಬುದ್ಧಿ, ಇಲ್ಲೊಂದು ಕಮಾನು ಅದೆ.

ಗುರುಸಿದ್ದಯ್ಯ: ಅಂದಕ್ಕೆ ಇಟ್ಟಿರ್ತಾರೆ.

ಚಾಮಯ್ಯ: ಕೆಳಗೆ ಹೊಸ್ತಿಲೂ ಅದೆ. ಅಂದಕ್ಕೆ ಹೊಸ್ತಿಲು ಮಡಗ್ತಾರಾ?

ಚೂಡಾಮಣಿ ಹತ್ತಿರ ಹೋಗಿ ಇಟ್ಟಿಗೆಯ ಕಮಾನನ್ನು ಬೆರಳಿನಿಂದ ಸವರಿದರು. ಮಂಡಿಯ ನೋವು ಆ ಕ್ಷಣ ಮರೆತೇ ಹೋಯಿತು.

ಚೂಡಾಮಣಿ: ತಾತ ಇಟ್ಟ ಬಾಗಿಲು. ನಾನೇನು ಹೊಸದು ಕೇಳ್ತಿದ್ದೀನಾ?

ಗುರುಸಿದ್ದಯ್ಯ: ಹಾಗಿದ್ರೆ ತಾತ ಯಾಕೆ ಮುಚ್ಚಿಸಿದ್ರು?

ಚಾಮಯ್ಯ: ಅವರಲ್ಲ ಬುದ್ಧಿ, ನಿಮ್ಮಜ್ಜಿ. ಮುಚ್ಚಿದ್ದು ನಮ್ಮಪ್ಪ, ಅವನೇ ಹೇಳೋನು. ಪಡಸಾಲೇಲಿ ಕೂತೋರು ಎದ್ದೇಳ್ದೆ ದಿನವೆಲ್ಲ ‘ಕಾಫಿ, ಕಾಫಿ’ ಅಂತ ಕೂಗೋರಂತೆ. ಯಜಮಾನ್ರು ಬಟ್ಟೆ ತರೋಕೆ ಮದ್ರಾಸಿಗೆ ಹೋಗಿದ್ದಾಗ ಎರಡೇ ದಿನದಲ್ಲಿ ಮುಚ್ಚಿಸ್ಬುಟ್ರು.

ಗುರುಸಿದ್ದಯ್ಯನವರ ಮುಖ ಅರಳಿತು. ಕಮಾನಿಗೂ ತಮ್ಮ ಆರಾಮಕುರ್ಚಿಗೂ ಎಷ್ಟು ದೂರವಾಗಬಹುದೆಂದು ಅವರ ಕಣ್ಣು ಆಗಲೇ ಅಳತೆ ಹಾಕುತ್ತಿತ್ತು.

ಗುರುಸಿದ್ದಯ್ಯ: ತಾತನ ಬಾಗಿಲು ಅಂದ್ಮೇಲೆ ಮುಗೀತು. ಇವತ್ತೇ ತೆಗೀರಿ ಚಾಮಯ್ಯ. ನನ್ನ ಕುರ್ಚಿ ಇಲ್ಲೇ ಪಕ್ಕಕ್ಕೆ ಹಾಕಿ.

ತಾವು ಎಂದೂ ಕಾಣದ ಆ ಅಜ್ಜಿಯ ಮೇಲೆ ಚೂಡಾಮಣಿಗೆ ಮೊದಲ ಬಾರಿ ಗೌರವ ಹುಟ್ಟಿತು. ಒಂದು ಗಳಿಗೆ ಕುರ್ಚಿಯನ್ನು ನೋಡಿದರು, ಒಂದು ಗಳಿಗೆ ತಮ್ಮ ಮಂಡಿಯನ್ನು.

ಚೂಡಾಮಣಿ: ತೆಗೀರಿ ಚಾಮಯ್ಯ. ಚಿಲಕ ಮಾತ್ರ ಅಡುಗೆಮನೆ ಕಡೆಗಿರ್ಲಿ.