ನನ್ನ ಬ್ಲಾಗಿಗೆ ಬೀಗ ಬಿದ್ದದ್ದು

ಕೆಲವರ ಮನೆಗೆ ಹಾವು ಪದೇ ಪದೇ ಬರುತ್ತದಂತೆ. ನನ್ನ ಇ-ಮೇಲಿಗೆ ಎಚ್ಚರಿಕೆ ಪತ್ರಗಳು ಹಾಗೆ ಬರುತ್ತವೆ. ನಾನು ಯಾರನ್ನೂ ಬೈದವಳಲ್ಲ, ರಾಜಕೀಯ ಬರೆದವಳಲ್ಲ. ಮೈಸೂರಿನ ಅಡುಗೆಯ ಬಗ್ಗೆ ಕನ್ನಡದಲ್ಲೊಂದು ಬ್ಲಾಗ್ ಬರೆಯುತ್ತೇನೆ, ಅಷ್ಟೇ. ಮನೆ ಇಂಗ್ಲೆಂಡಿನ ಸೊಲಿಹಲ್‌ನಲ್ಲಿ, ಕೆಲಸ ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯ ಫಾರ್ಮಸಿಯಲ್ಲಿ. ಮನೆಯಲ್ಲಿ ಗಂಡ, ಹುಬ್ಬಳ್ಳಿಯಿಂದ ಬಂದಿರುವ ಅತ್ತೆ.

ಬ್ಲಾಗಿನ ಅರ್ಧ ನನ್ನ ಅಮ್ಮನದು. ಭಾನುವಾರ ಫೋನಿನಲ್ಲಿ ಅಮ್ಮ ಹೇಳೋರು, ನಾನು ಟೈಪ್ ಮಾಡುತ್ತಿದ್ದೆ. ಆಮೇಲೆ ಅಮ್ಮನೇ ಕೆಳಗೆ ಕಾಮೆಂಟ್ ಹಾಕಿ ತಿದ್ದೋರು. ಅಮ್ಮ ಹೋಗಿ ಮೂರು ವರ್ಷವಾಯಿತು. ಇದಾವುದರ ನಕಲೂ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಫೋನು ಟಿಣ್ ಅಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ನೋಡುತ್ತಿದ್ದೆ.

೧. ಪಾಯಸ

ಬ್ಲಾಗ್ ನಡೆಸುವ ಕಂಪನಿಯಿಂದ ಮೊದಲ ಪತ್ರ ಬಂದದ್ದು ಗಸಗಸೆ ಪಾಯಸಕ್ಕೆ; ಗಸಗಸೆ ಅಫೀಮು ಗಿಡದ ಬೀಜ ತಾನೇ. "ಮಾದಕ ವಸ್ತುವಿನ ಪ್ರಚಾರ. ಮೊದಲ ಎಚ್ಚರಿಕೆ. ಮೂರಾದರೆ ಖಾತೆ ಬಂದ್."

ಬರೆದದ್ದನ್ನು ತೆಗೆದು ನೋಡಿದೆ. ಕೊನೆಯಲ್ಲಿ ಹೀಗಿತ್ತು: "ಒಂದು ಲೋಟ ಕುಡಿದರೆ ಲೋಕವೇ ಮರೆತುಹೋಗುತ್ತದೆ. ಬೇಕಾದವರು ಕೇಳಿ, ಕಳಿಸಿಕೊಡುತ್ತೇನೆ."

ಗಂಡ ಓದಿದರು. "ಆಸ್ಪತ್ರೆಯ ಮಾರ್ಫಿನ್ ಬೀರುವಿನ ಬೀಗದಕೈ ನಿನ್ನ ಹತ್ತಿರಾನೇ ಇರುತ್ತೆ ಅಲ್ವಾ?"

"ಹೂಂ."

"ಬ್ಲಾಗಲ್ಲಿ ನಿನ್ನ ಪೂರ್ತಿ ಹೆಸರಿದೆ ಅಲ್ವಾ?"

"ಹೂಂ."

"ಏನೂ ಆಗಲ್ಲ ಬಿಡು," ಅಂದರು. ಆ ದನಿ ಕೇಳಿದ ಮೇಲೇ ನನಗೆ ನಿಜವಾದ ಭಯ ಹತ್ತಿದ್ದು.

ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳಿಬಿಡೋಣ ಅಂತ ಮರುದಿನ ಮ್ಯಾನೇಜರ್ ಮುಂದೆ ನಿಂತೆ. ಆಕೆ ಇಂಗ್ಲಿಷ್ ಹೆಂಗಸು, ನಗುವುದು ಅಪರೂಪ. ಬಾಗಿಲು ಹಾಕಿ, ಪತ್ರವನ್ನು ಎರಡು ಸಲ ಓದಿದಳು. ನನಗೆ ನನ್ನ ಫಾರ್ಮಸಿಸ್ಟ್ ರಿಜಿಸ್ಟ್ರೇಷನ್ನು, ಮನೆಯ ಮಾರ್ಟ್‌ಗೇಜು ಸಾಲ ಎಲ್ಲಾ ಕಣ್ಣ ಮುಂದೆ ಹಾದುಹೋದವು.

"ಒಂದು ವಿಷಯ ನನಗೆ ಅರ್ಥವಾಗುತ್ತಿಲ್ಲ," ಅಂದಳು. "ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ. ನನಗೆ ಯಾಕೆ ಒಂದು ಡಬ್ಬಿ ಪಾಯಸ ತಂದುಕೊಟ್ಟಿಲ್ಲ?"

೨. ಕ್ಷಮಾಪಣೆ

ಪಾಯಸ ತೆಗೆದುಹಾಕಿ ಓದುಗರಿಗೆ ಎರಡು ಸಾಲು ಬರೆದೆ: "ಏನಾದರೂ ತಪ್ಪಾಗಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ."

ಚಹಾ ಕುದಿಯುವಷ್ಟರಲ್ಲಿ ಎರಡನೇ ಎಚ್ಚರಿಕೆ ಬಂತು. "ಹಾನಿಕರ ವಸ್ತುವನ್ನು ನುಂಗುವಂತೆ ಓದುಗರಿಗೆ ಪ್ರಚೋದನೆ."

ಕೆಳಗೆ "ಒಪ್ಪುವುದಿಲ್ಲ" ಅನ್ನುವ ಗುಂಡಿಯಿತ್ತು. ಒತ್ತಿದೆ. "ನಿಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ, ತೀರ್ಮಾನ ಬದಲಾಗದು" ಅಂತ ಉತ್ತರ ಬಂತು. ಗುಂಡಿಯಿಂದ ನಾನಿನ್ನೂ ಬೆರಳು ಎತ್ತಿರಲಿಲ್ಲ.

ಅಲ್ಲಿಂದ ಒಂದೊಂದು ಪದಕ್ಕೂ ಹೆದರಿ ಬರೆಯತೊಡಗಿದೆ. "ಈರುಳ್ಳಿ ಕೊಚ್ಚಿ" ಅನ್ನಲು ಧೈರ್ಯವಾಗದೆ "ಈರುಳ್ಳಿಯನ್ನು ಸಣ್ಣದಾಗಿ ಬೇರ್ಪಡಿಸಿ" ಅಂದೆ. ಸಾಸಿವೆ ಸಿಡಿಸುವುದನ್ನು ಬಿಟ್ಟು "ಸಾಸಿವೆ ಎಣ್ಣೆಯಲ್ಲಿ ಶಾಂತವಾಗಿ ಅರಳಲಿ" ಅಂದೆ. ಬೆಳಗಾವಿಯ ಓದುಗರೊಬ್ಬರು ಕೆಳಗೆ ಕೇಳಿದರು: "ಮೇಡಂ, ಮನೆಯಲ್ಲಿ ಎಲ್ಲಾ ಕ್ಷೇಮವೇ? ಯಾರಾದರೂ ಪಕ್ಕದಲ್ಲಿ ನಿಂತು ಬರೆಸುತ್ತಿದ್ದಾರೆಯೇ?"

೩. ಹಿತಶತ್ರು

ಇಷ್ಟಾದರೂ ಮೂರನೆಯದು ಬಂತು. "ಹಲವು ಓದುಗರು ನಿಮ್ಮ ವಿರುದ್ಧ ಸತತವಾಗಿ ದೂರು ಕೊಟ್ಟಿದ್ದಾರೆ. ಅವರು ಯಾರೆಂದು ಹೇಳಲಾಗದು. ಹದಿನಾಲ್ಕು ದಿನಗಳ ನಂತರ ಖಾತೆ ಅಳಿಸಲಾಗುವುದು." ಬ್ಲಾಗ್ ತೆರೆದರೆ ಬರೀ ಬೂದು ಪುಟ. ಅಮ್ಮನ ಒಂದು ಅಕ್ಷರವೂ ಕಾಣಿಸಲಿಲ್ಲ.

ಯಂತ್ರದ ತಪ್ಪಾದರೆ ಹೇಗೋ ತಡೆದುಕೊಳ್ಳಬಹುದು. ಇದು ಮನುಷ್ಯರ ಕೆಲಸ. ಯಾರದು? ಆ ಶನಿವಾರ ಬರ್ಮಿಂಗ್‌ಹ್ಯಾಮ್‌ನ ಶಾಲೆಯೊಂದರ ಹಾಲ್‌ನಲ್ಲಿ ನಮ್ಮ ಕನ್ನಡದವರ ಯುಗಾದಿ ಊಟವಿತ್ತು. ಬಡಿಸಿದ್ದನ್ನು ಬಿಟ್ಟು ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಕೂತೆ. ಅಷ್ಟರಲ್ಲಿ ಹೃದಯದ ಡಾಕ್ಟರೊಬ್ಬರು ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ಏನ್ ಮೇಡಂ, ನಿಮ್ಮ ಬ್ಲಾಗ್ ಕಾಣ್ತಾನೇ ಇಲ್ವಲ್ಲ?"

ಇವರಿಗೆ ಹೇಗೆ ಗೊತ್ತು? ನನ್ನ ದನಿ ತಾನಾಗಿಯೇ ಏರಿತು. "ನನ್ನ ಬಿಸಿಬೇಳೆಬಾತ್ ನಿಮಗೇನು ಮಾಡಿತ್ತು ಸಾರ್?"

ಹಾಲ್‌ನಲ್ಲಿ ಚಮಚಗಳ ಸದ್ದು ನಿಂತಿತು. ಡಾಕ್ಟರ್ ಬಿಳಿಚಿಕೊಂಡರು. "ದಯವಿಟ್ಟು ಮೆತ್ತಗೆ ಮಾತಾಡಿ. ನಾನು ಅಡುಗೆ ಮಾಡೋದೇ ನಿಮ್ಮ ಬ್ಲಾಗ್ ನೋಡಿಕೊಂಡು. ಮನೇಲಿ ಅದೆಲ್ಲಾ ನನ್ನ ಸ್ವಂತದ್ದು ಅಂತ ಹೇಳಿದ್ದೀನಿ."

ಅವರ ಹೆಂಡತಿ ಅವರ ಬೆನ್ನ ಹಿಂದೆಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

೪. ಮನೆಯೊಳಗೆ

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲಾ ಹೇಳಿ ಅತ್ತುಬಿಟ್ಟೆ. ಅತ್ತೆ ಕಿಡಿಕಿಡಿಯಾದರು. "ಯಾರವಾ ಆ ಪಾಪಿಗಳು? ನಾ ನೋಡಿದ್ರ ದಿನಾ ಎದ್ದಕೂಡ್ಲೇ ನಿನ್ನ ಬ್ಲಾಗಿಗೆ ಧ್ವಜಾ ಏರಿಸೇನಿ!"

"ಏನು ಏರಿಸಿದ್ದೀರಿ?"

ಅತ್ತೆ ತಮ್ಮ ಟ್ಯಾಬ್ಲೆಟ್‌ನಲ್ಲಿ ಬೇರೆ ಯಾರದೋ ಬ್ಲಾಗ್ ತೆರೆದು ತೋರಿಸಿದರು. ಪುಟದ ಕೆಳಗೆ ಪುಟಾಣಿ ಬಾವುಟದ ಚಿತ್ರ. ದೂರು ಕೊಡುವ ಗುಂಡಿ ಅದು.

"ಛಲೋ ಅನಿಸಿದ್ದಕ್ಕೆಲ್ಲಾ ಇದನ್ನ ಒತ್ತತೇನಿ. ನಿಮ್ಮವ್ವನ ಹೋಳಿಗಿಗೆ ಅಂತೂ ದಿನಾ ಒತ್ತೇನಿ."

"ಒತ್ತಿದ ಮೇಲೆ ಇಂಗ್ಲಿಷಿನಲ್ಲಿ ಏನೋ ಪಟ್ಟಿ ಬರುತ್ತಲ್ಲ ಅತ್ತೆ?"

"ಬರತದ. ಎಲ್ಲಾಕ್ಕಿಂತ ಮ್ಯಾಲಿಂದು ಒತ್ತತೇನಿ. ಮ್ಯಾಲಿಂದ ಅಂದ್ರ ಫಸ್ಟ್ ಕ್ಲಾಸ್ ಅಲ್ಲೇನು?"

ಎಲ್ಲಕ್ಕಿಂತ ಮೇಲಿದ್ದದ್ದು "ಅಪಾಯಕಾರಿ."

"ನಾ ಒಬ್ಬಾಕೀನ ಅಲ್ಲ," ಅಂದರು ಹೆಮ್ಮೆಯಿಂದ. "ಫೋನಿನ್ಯಾಗ ಕೂಡೋ ನಮ್ಮ ವಚನದ ಬಳಗದ ಹೆಣ್ಣಮಕ್ಕಳಿಗೆಲ್ಲಾ ಕಲಿಸೇನಿ. ಲೀಡ್ಸಿನಾಕಿ ಮಾತ್ರ ಒಂದೊಂದ ದಿನಾ ಮರೀತಾಳ."

ನಾನು ವಿಷಯ ಬಿಡಿಸಿ ಹೇಳಿದಾಗ ಅತ್ತೆಯ ಮುಖ ಬಾಡಿಹೋಯಿತು. ಆ ಹೊತ್ತು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ತಾವಾಗಿಯೇ ಬಂದು ಕೂತರು. "ಬರಿ, ನಾ ಹೇಳತೇನಿ." ಅವರು ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಕಂಪನಿಗೆ ಕಳಿಸಿದೆ: "ಧ್ವಜ ಅಂದರೆ ಮರ್ಯಾದೆ ಅಂತ ತಿಳಿದಿದ್ದೆವು. ಶಿಕ್ಷೆ ನನಗೆ ಕೊಡಿ, ನನ್ನ ಸೊಸೆಗೆ ಬೇಡ."

ಒಂದೊಂದು ದಿನವೂ ಎಣಿಸಿದೆ. ಹದಿಮೂರನೇ ದಿನ ಮಧ್ಯಾಹ್ನ ಉತ್ತರ ಬಂತು. ಅದರಲ್ಲೊಂದು ಕಾಗುಣಿತದ ತಪ್ಪಿತ್ತು. ಅದನ್ನು ನೋಡಿಯೇ ಕಣ್ಣು ತುಂಬಿಬಂತು, ಕೊನೆಗೂ ಯಾರೋ ಮನುಷ್ಯರು ಓದಿದ್ದಾರೆ! ಬ್ಲಾಗ್ ತೆರೆದುಕೊಂಡಿತು. ಅಮ್ಮನ ಮಾತುಗಳೆಲ್ಲಾ ಇದ್ದಲ್ಲೇ ಇದ್ದವು. ಮೊದಲು ಎಲ್ಲದರ ನಕಲು ಇಳಿಸಿಕೊಂಡು, ಆಮೇಲೆ ಪತ್ರವನ್ನು ಅತ್ತೆಗೆ ಓದಿಹೇಳಿದೆ. ಕೊನೆಯ ಸಾಲು ಹೀಗಿತ್ತು: "ನಿಮ್ಮ ಅತ್ತೆಯವರಿಗೂ ಅವರ ಗೆಳತಿಯರಿಗೂ ನಮ್ಮ ನಮಸ್ಕಾರ ತಿಳಿಸಿ. ಅವರ ಧ್ವಜಗಳೆಲ್ಲಾ ನಮಗೆ ತಲುಪಿವೆ. ದಯವಿಟ್ಟು ಇನ್ನು ಸಾಕು."

ಅತ್ತೆ ಸೆರಗು ಸರಿಮಾಡಿಕೊಂಡು ತಕ್ಷಣ ಲೀಡ್ಸಿಗೆ ಫೋನು ಹಚ್ಚಿದರು. "ಕೇಳಿದೇನ? ನಮ್ಮ ಧ್ವಜಾ ಎಲ್ಲಾ ಮುಟ್ಟ್ಯಾವಂತ! ನೀ ಮರತದ್ದನ್ನ ಅವರು ಮನಸಿಗೆ ಹಚ್ಚಿಕೊಂಡಿಲ್ಲ."